ಅತ್ತೆಯ ರಿವಾಲ್ವರಿಗೆ ಮಾವನ ಪಾಲಿಶ್

ನನ್ನ ಮಾವನ ಕೈಗೆ ಮಸುಕಾದ ಲೋಹ ಯಾವುದೂ ಸಿಗಬಾರದು. ಸಿಕ್ಕರೆ ಅದರ ಕಥೆ ಮುಗಿಯಿತು. ಮಾವ ಅಂದರೆ ನಮ್ಮಪ್ಪನ ತಂಗಿಯ ಗಂಡ. ಪೇಟೆಯ ಹಿಂದಿನ ಬೀದಿಯಲ್ಲಿ ಮೂವತ್ತು ವರ್ಷದಿಂದ ಪಾಲಿಶ್ ಅಂಗಡಿ ಇಟ್ಟವರು. ಡಾಕ್ಟರ ಹತ್ತಿರ ಸರದಿಗೆ ಕಾಯುತ್ತ ಕೂತರೂ ಅವರ ಕೈ ಸುಮ್ಮನಿರುವುದಿಲ್ಲ. ಬಾಗಿಲ ಹಿಡಿಯನ್ನು ಅಂಗಿಯ ಅಂಚಿನಿಂದ ಉಜ್ಜುತ್ತಾರೆ. ನೆಂಟರ ಮನೆಯಲ್ಲಿ ನೀರು ಕುಡಿಯಲು ಕೊಟ್ಟ ಲೋಟವನ್ನು ಹೊಳೆಯಿಸಿಯೇ ವಾಪಸ್ಸು ಕೊಡುತ್ತಾರೆ. ಆ ಮನೆಯವರು ಅದು ಹೊಗಳಿಕೆಯೋ ಬೈಗುಳವೋ ತಿಳಿಯದೆ ಮುಖ ಮುಖ ನೋಡಿಕೊಳ್ಳುತ್ತಾರೆ.

ಅತ್ತೆ ಬೆಳ್ಳಿ ಸಾಮಾನು ತಯಾರಿಸುವ ಕಾರ್ಖಾನೆಯ ಗೇಟಿನಲ್ಲಿ ಕಾವಲುಗಾರ್ತಿ. ಹನ್ನೊಂದು ವರ್ಷ ಕೈಯಲ್ಲೊಂದು ಲಾಠಿ ಹಿಡಿದು ನಿಂತೇ ಕಳೆದಿದ್ದಳು. ಗೇಟಿನ ಕಾವಲಿನವರು ಕೂರಬಾರದು ಅಂತ ಆ ಕಾರ್ಖಾನೆಯ ಕಾನೂನು. ಆ ಕಾನೂನು ಬರೆದವನು ಕುರ್ಚಿಯಲ್ಲಿ ಕೂತೇ ಬರೆದಿರುತ್ತಾನೆ, ಬಿಡಿ. ಅತ್ತೆಯ ಮಂಡಿ ಸಂಜೆ ಹೊತ್ತಿಗೆ ಊದಿಕೊಳ್ಳುತ್ತಿತ್ತು. ಡಾಕ್ಟರು ಇನ್ನೊಂದು ವರ್ಷ ಹೀಗೇ ನಿಂತರೆ ಆಮೇಲೆ ನಿಲ್ಲುವುದೇ ಕಷ್ಟ ಅಂದಿದ್ದರು.

ಅಂಥದ್ದರಲ್ಲಿ ಬೆಳ್ಳಿ ಇಡುವ ಭದ್ರತಾ ಕೋಣೆಯ ಕಾವಲು ಕೆಲಸ ಖಾಲಿಯಾಯಿತು. ಕಾಯಂ ನೌಕರಿ, ಒಳಗೆ ಕುರ್ಚಿ, ತಲೆ ಮೇಲೆ ಫ್ಯಾನು. ಆದರೆ ಸ್ವಂತ ಹೆಸರಿನ ರಿವಾಲ್ವರ್ ಇರಬೇಕು, ಗುರಿ ಪರೀಕ್ಷೆ ಪಾಸಾಗಬೇಕು. ಅತ್ತೆ ಯಾರಿಗೂ ಹೇಳದೆ ಪರವಾನಗಿಗೆ ಅರ್ಜಿ ಹಾಕಿದಳು. ಪ್ರತಿ ಭಾನುವಾರ ಕಾವಲುಗಾರರ ಸಂಘದ ಗುರಿ ಮೈದಾನಕ್ಕೆ ಹೋಗಿ, ಅಲ್ಲಿನ ಎರವಲು ರಿವಾಲ್ವರಿನಲ್ಲಿ ಅಭ್ಯಾಸ ಮಾಡಿದಳು. ಅಲ್ಲಿಯ ಮೇಷ್ಟ್ರು ಸುಲಭಕ್ಕೆ ಯಾರನ್ನೂ ಹೊಗಳುವವರಲ್ಲ. ಅವರೇ ಒಂದು ದಿನ, "ಈಯಮ್ಮನ ಕೈ ಅಲುಗೋದೇ ಇಲ್ಲ," ಅಂದರಂತೆ.

ಪರವಾನಗಿ ಬಂತು. ಪರೀಕ್ಷೆಗೆ ಮೊದಲು ಅದರಲ್ಲಿ ಆಯುಧ ಬರೆಸಲು ಉಳಿದದ್ದು ಹತ್ತೇ ದಿನ. ಹೊಸ ರಿವಾಲ್ವರ್ ಕೊಳ್ಳುವುದು ನಮ್ಮ ಯೋಗ್ಯತೆಗೆ ಮೀರಿದ ಮಾತು. ಮನೆಯಲ್ಲಿ ಎರಡು ದಿನ ಯಾರ ಗಂಟಲಲ್ಲೂ ಅನ್ನ ಇಳಿಯಲಿಲ್ಲ.

ಮೂರನೆಯ ದಿನ ಮಾವನ ಅಂಗಡಿಗೆ ಬ್ಯಾಂಡಿನಜ್ಜ ಬಂದ. ಅಂಗಡಿಯ ಅರ್ಧ ಭಾಗದಲ್ಲಿ ನನ್ನ ಹೊಲಿಗೆ ಮಿಷನ್ನು ಇರುವುದರಿಂದ ಅಲ್ಲಿ ನಡೆದದ್ದೆಲ್ಲ ನನ್ನ ಕಣ್ಣೆದುರೇ ನಡೆಯಿತು. ಈ ಅಜ್ಜ ಮೊದಲು ಬ್ಯಾಂಕಿನಲ್ಲಿ ಗನ್‌ಮ್ಯಾನ್ ಆಗಿದ್ದವನು, ನಿವೃತ್ತನಾದ ಮೇಲೆ ಮದುವೆಗಳಿಗೆ ಬ್ಯಾಂಡ್ ಬಾರಿಸುವ ತಂಡ ಕಟ್ಟಿಕೊಂಡಿದ್ದ. ಹಸಿರುಗಟ್ಟಿದ ಒಂದು ತುತ್ತೂರಿಯನ್ನು ಮೇಜಿನ ಮೇಲಿಟ್ಟು, ಇಂಥವು ಮನೆಯಲ್ಲಿ ಇಪ್ಪತ್ತೆರಡಿವೆ, ಪಾಲಿಶ್ ಹಾಕಿಸಲು ಕೈಯಲ್ಲಿ ಕಾಸಿಲ್ಲ ಅಂತ ಗೋಳಾಡಿದ.

"ಸುಮ್ನೆ ಕೂತಿರೋದು ಒಂದು ರಿವಾಲ್ವರ್ ಮಾತ್ರ. ಕಣ್ಣಿಗೆ ಪೊರೆ ಬಂದ ಮೇಲೆ ಅದನ್ನಿಟ್ಕೊಂಡು ನಾನೇನು ಮಾಡ್ಲಿ?" ಅಂದ.

ಮಾವನ ಕೈಯಲ್ಲಿದ್ದ ಬಟ್ಟೆ ನಿಂತಿತು. ನನ್ನ ಮಿಷನ್ನೂ ನಿಂತಿತು.

ಆ ಸಂಜೆಯೇ ಅತ್ತೆಯೂ ಸೇರಿ ನಾವು ಮೂವರೂ ಅಜ್ಜನ ಮನೆಯಲ್ಲಿದ್ದೆವು. ಕಬ್ಬಿಣದ ಪೆಟ್ಟಿಗೆಯಿಂದ ಅಜ್ಜ ಅದನ್ನು ತೆಗೆದ. ಅಲ್ಲಲ್ಲಿ ತುಕ್ಕಿನ ಚುಕ್ಕೆ, ಮೈಯೆಲ್ಲ ಮಂಕು. ನನಗಂತೂ ಹಳೇ ನಲ್ಲಿಯ ತುಂಡಿನ ಹಾಗೆ ಕಂಡಿತು. ಅತ್ತೆ ಮಾತ್ರ ತೊಟ್ಟಿಲ ಮಗುವನ್ನು ಎತ್ತಿಕೊಂಡಂತೆ ಎರಡೂ ಕೈಯಲ್ಲಿ ತೆಗೆದುಕೊಂಡಳು. ಗುಂಡಿನ ಉರುಳೆಯನ್ನು ಹೊರಕ್ಕೆ ಸರಿಸಿ ಆರೂ ಮನೆ ಖಾಲಿಯಿವೆಯೇ ನೋಡಿದಳು. ಉರುಳೆಯನ್ನು ತಿರುಗಿಸಿ ಕಿವಿಗೆ ಹಿಡಿದಳು. ನಳಿಗೆಯೊಳಗೆ ಕಣ್ಣಿಟ್ಟಳು. ಗೋಡೆಯ ಮೊಳೆಗೆ ಗುರಿಯಿಟ್ಟು ಉಸಿರು ಬಿಗಿಹಿಡಿದು ನಿಂತಳು. ಅವಳ ಕೈ ಅಲುಗಲಿಲ್ಲ.

"ಚೆನ್ನಾಗಿದೆ," ಅಂದಳು. ಅವಳ ಬಾಯಲ್ಲಿ ಅಷ್ಟು ಬಂದರೆ ಅದು ಭಾಷಣಕ್ಕೆ ಸಮ.

ಮಾವ ಗಂಟಲು ಸರಿಮಾಡಿಕೊಂಡರು. "ಅಜ್ಜ, ನಿಮ್ಮ ಇಪ್ಪತ್ತೆರಡೂ ವಾದ್ಯಕ್ಕೆ ಪಾಲಿಶ್ ನಂದು. ಈ ರಿವಾಲ್ವರ್ ಇವಳಿಗೆ."

"ಐದು ದಿನದಲ್ಲಿ ಮದುವೆ ಇದೆ. ಅಷ್ಟರಲ್ಲಿ ಆಗುತ್ತಾ?"

"ಆಗುತ್ತೆ," ಅಂದಳು ಅತ್ತೆ, ಮಾವ ಬಾಯಿ ತೆರೆಯುವ ಮೊದಲೇ.

ಆ ಐದು ದಿನ ನಾವು ಪಟ್ಟ ಪಾಡು ನಮಗೇ ಗೊತ್ತು. ಮಾವ ಪಾಲಿಶ್ ಚಕ್ರದ ಮುಂದೆ, ಅತ್ತೆ ಡ್ಯೂಟಿ ಮುಗಿಸಿ ಬಂದು ಹುಣಸೆ ನೀರಿನ ಬಕೆಟ್ಟಿನ ಮುಂದೆ, ನಾನು ನನ್ನ ಗಿರಾಕಿಗಳ ಕೈಲಿ ಬೈಸಿಕೊಳ್ಳುತ್ತ ಕಹಳೆಗಳ ಸುರುಳಿಯೊಳಗೆ ಬಟ್ಟೆ ತೂರಿಸುತ್ತ. ನನ್ನ ಮೂಗಿನೊಳಗೂ ಹಿತ್ತಾಳೆಯ ಪುಡಿ. ಅತ್ತೆ ಆಗಾಗ ಎದ್ದು ಬಾಗಿಲ ಚಿಲಕಕ್ಕೆ ಬರಿಗೈಯಲ್ಲೇ ಗುರಿಯಿಟ್ಟು ಮತ್ತೆ ಬಂದು ಕೂರುತ್ತಿದ್ದಳು. ನಗು ತಡೆಯಲಾಗದೆ ನಾನೂ ಮಾವನೂ ಮುಖ ತಿರುಗಿಸಿಕೊಳ್ಳುತ್ತಿದ್ದೆವು. ಐದನೆಯ ದಿನ ಬ್ಯಾಂಡಿನವರು ಬಂದು ತಮ್ಮ ತುತ್ತೂರಿಗಳನ್ನು ತಾವೇ ಗುರುತಿಸಲಾರದೆ ಕಕ್ಕಾಬಿಕ್ಕಿಯಾದರು. ಮರುದಿನ ಅಜ್ಜ ಪರವಾನಗಿ ಕಚೇರಿಯಲ್ಲಿ ಸಹಿ ಹಾಕಿದ. ಗುಮಾಸ್ತರು ಪುಸ್ತಕದಲ್ಲಿ ಅತ್ತೆಯ ಹೆಸರು ಬರೆದು ಮುದ್ರೆ ಒತ್ತಿದರು. ಅಂದು ಅತ್ತೆಯ ಕಾಲು ನೆಲದ ಮೇಲಿರಲಿಲ್ಲ, ಮಂಡಿನೋವೂ ಮರೆತುಹೋಗಿತ್ತು.

ಸೋಮವಾರ ಬೆಳಿಗ್ಗೆ ಪರೀಕ್ಷೆ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಮಾವನ ಕೈ ತುರಿಸತೊಡಗಿತು.

"ಒಂಚೂರು ಒರೆಸಿ ಕೊಡ್ತೀನಿ ಕಣೇ. ಊರವರ ಸಾಮಾನೆಲ್ಲ ಫಳಫಳ ಅನ್ನುವಾಗ ನಿನ್ನದು ಹೀಗಿದ್ರೆ ನಂಗೇ ನಾಚಿಕೆ."

ಅತ್ತೆ ಖಾಲಿ ಮಾಡಿದ ರಿವಾಲ್ವರನ್ನು ಕೊಟ್ಟಳು. ಮಾವ ಚಕ್ರಕ್ಕೆ ಹಿಡಿಯಲಿಲ್ಲ, ಮೆತ್ತನೆ ಬಟ್ಟೆಯಲ್ಲಿ ಕೈಯಿಂದಲೇ ಮೂರು ಗಂಟೆ ತಿಕ್ಕಿದರು. ನಳಿಗೆಯ ತುದಿಯಲ್ಲಿ ಗುರಿ ನೋಡಲು ಎದ್ದು ನಿಂತ ಚಿಕ್ಕ ಹಲ್ಲಿತ್ತು. ಅದಕ್ಕೆ ಮಸಿ ಮೆತ್ತಿದ್ದು ಕಂಡು, "ಅಜ್ಜ ಎಷ್ಟು ಗಲೀಜು ನೋಡು," ಅಂತ ಕಡ್ಡಿಗೆ ಬಟ್ಟೆ ಸುತ್ತಿ ಅದನ್ನೂ ಬೆಳಗಿದರು. ಮುಗಿದಾಗ ಅದರಲ್ಲಿ ಅತ್ತೆ ತನ್ನ ಮುಖ ನೋಡಿಕೊಂಡು ಹಣೆ ಮೇಲಿನ ಕೂದಲು ಸರಿಮಾಡಿಕೊಂಡಳು. ನಾನು ಚಪ್ಪಾಳೆ ತಟ್ಟಿದೆ. ಮೂವರಲ್ಲಿ ಒಬ್ಬರಿಗಾದರೂ ಬುದ್ಧಿ ಇರಬೇಕಿತ್ತು.

ಮೈದಾನದಲ್ಲಿ ಅತ್ತೆ ನಾನು ಹೊಲಿದುಕೊಟ್ಟ ಹೊಸ ಖಾಕಿ ಅಂಗಿಯಲ್ಲಿ ನಿಂತಿದ್ದಳು. ಬೆನ್ನ ಹಿಂದೆ ಬೆಳಗಿನ ಬಿಸಿಲು. ಹನ್ನೆರಡು ಗುಂಡಿನಲ್ಲಿ ಎಂಟು ಕಪ್ಪು ವೃತ್ತದೊಳಗೆ ಬೀಳಬೇಕು. ಕಾರ್ಖಾನೆಯ ಅಧಿಕಾರಿ ಮರದ ಕೆಳಗೆ ಮೇಜು ಹಾಕಿಸಿಕೊಂಡು ಕೂತಿದ್ದರು. ಮಾವ ಬೇಲಿಯ ಕಂಬಿ ಹಿಡಿದು ತುದಿಗಾಲಲ್ಲಿ ನಿಂತಿದ್ದರು.

ಮೊದಲ ಆರು ಗುಂಡು ಹಾರಿದವು. ವೃತ್ತದೊಳಗೆ ಬಿದ್ದದ್ದು ಎರಡೇ ಎರಡು.

ಅತ್ತೆ ರಿವಾಲ್ವರ್ ಖಾಲಿ ಮಾಡಿ ಮೇಷ್ಟ್ರ ಕಡೆ ತಿರುಗಿದಳು. "ಗುರಿಯೇ ಕಾಣ್ತಿಲ್ಲ ಮೇಷ್ಟ್ರೇ. ತುದಿ ಕಣ್ಣಿಗೆ ಹೊಡೆಯುತ್ತೆ."

ಮೇಷ್ಟ್ರು ರಿವಾಲ್ವರನ್ನು ಬಿಸಿಲಿಗೆ ಹಿಡಿದು ನೋಡಿದರು. "ಇದಕ್ಕೆ ಯಾರಮ್ಮ ಪಾಲಿಶ್ ಹಾಕ್ದೋರು? ತುದಿ ಹೊಳೀಬಾರದು ಅಂತ ನಾವು ಮಸಿ ಹಿಡಿಸ್ತೀವಿ. ಇಲ್ಲಿಯ ರಿವಾಲ್ವರಿಗೆ ದಿನಾ ಬೆಳಿಗ್ಗೆ ನಾನೇ ಹಿಡಿಸ್ತಿದ್ದೆ."

ಅತ್ತೆಯ ಕಣ್ಣು ಬೇಲಿಯ ಕಡೆ ಹೊರಳಿತು. ಅಲ್ಲಿ ಮಾವನ ಮುಖ ಬಿಳುಚಿಕೊಂಡಿತ್ತು. ಇನ್ನುಳಿದ ಆರೂ ಒಳಗೇ ಬೀಳಬೇಕು, ಒಂದು ತಪ್ಪಿದರೂ ಮತ್ತೆ ಗೇಟು. ನನಗೆ ಮಾವನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಮೇಷ್ಟ್ರು ಪೆಟ್ಟಿಗೆಯಿಂದ ಮೋಂಬತ್ತಿಯ ತುಂಡು ತೆಗೆದು ಮಾವನನ್ನು ಕರೆದರು. "ಬನ್ನಿ ಯಜಮಾನ್ರೇ, ನಾನು ರಿವಾಲ್ವರ್ ಹಿಡ್ಕೊಳ್ತೀನಿ, ನೀವು ಮಸಿ ಹಿಡಿಸಿ. ಐದು ನಿಮಿಷ ಟೈಮಿದೆ."

ಮೂವತ್ತು ವರ್ಷ ಮಸಿ ತೆಗೆದ ಮನುಷ್ಯನಿಗೆ ಮಸಿ ಹಚ್ಚುವುದು ಗೊತ್ತಿರಲಿಲ್ಲ. ಗಾಳಿಗೆ ಬತ್ತಿ ಎರಡು ಸಲ ಆರಿತು. ಮೂರನೆಯ ಸಲ ಮಾವ ಇಡೀ ಅಂಗೈಯನ್ನು ಜ್ವಾಲೆಗೆ ಮರೆಮಾಡಿ ಹಿಡಿದರು. ಕೈ ಸುಡುತ್ತಿದ್ದರೂ ತೆಗೆಯಲಿಲ್ಲ. ಹೊಗೆ ಏರಿ ಆ ಹೊಳೆಯುವ ಹಲ್ಲು ನಿಧಾನಕ್ಕೆ ಕಪ್ಪಾಯಿತು, ಮಾವನ ಬೆರಳುಗಳೂ ಕಪ್ಪಾದವು. ಹಲ್ಲಿನ ಪಕ್ಕಕ್ಕೂ ಒಂದಿಷ್ಟು ಮಸಿ ಹರಡಿದ್ದು ಕಂಡದ್ದೇ ತಡ, ಅವರ ಕೈ ತಾನಾಗಿಯೇ ಅಂಗಿಯ ಅಂಚನ್ನು ಎಳೆಯಿತು.

ಅತ್ತೆ ಅವರ ಮಣಿಕಟ್ಟು ಹಿಡಿದುಕೊಂಡಳು. "ರೀ, ಒರೆಸಿದ್ರೆ ನೋಡಿ."

ಮಾವ ಕೈ ಹಿಂದಕ್ಕೆ ಕಟ್ಟಿಕೊಂಡರು.

ಅತ್ತೆ ಗುರಿಯಿಟ್ಟಳು. ಒಂದು ಒಳಗೆ. ಎರಡನೆಯದೂ. ಮೂರನೆಯದಕ್ಕೆ ನಾನು ಕಣ್ಣು ಮುಚ್ಚಿಕೊಂಡೆ, ಮೇಷ್ಟ್ರು "ಹ್ಞೂಂ" ಅಂದದ್ದು ಕೇಳಿ ತೆರೆದೆ. ನಾಲ್ಕು, ಐದು. ಆರನೆಯದಕ್ಕೆ ಅವಳು ಎಷ್ಟು ಹೊತ್ತು ತೆಗೆದುಕೊಂಡಳೆಂದರೆ ಅಧಿಕಾರಿಯೂ ಎದ್ದು ನಿಂತರು. ಗುಂಡು ಹಾರಿತು. ತೂತು ವೃತ್ತದ ಗೆರೆಯ ಮೇಲೇ ಬಿದ್ದಿತ್ತು. ಮೇಷ್ಟ್ರು ಹೋಗಿ ಭೂತಗನ್ನಡಿ ಇಟ್ಟು ನೋಡಿದರು. ಬಗ್ಗಿದವರು ಏಳಲೇ ಇಲ್ಲ.

"ಗೆರೆ ಹರಿದಿದೆ. ಒಳಗಿನ ಲೆಕ್ಕ," ಅಂದರು ಕೊನೆಗೆ. "ಎಂಟು."

ಅಧಿಕಾರಿ ನೇಮಕದ ಕಾಗದ ಬಿಡಿಸಿ, ಎದುರಿನ ಕುರ್ಚಿ ತೋರಿಸಿ, "ಕೂತ್ಕೊಳ್ಳಿ, ಸಹಿ ಹಾಕಿ," ಅಂದರು. ಅತ್ತೆ ಪೆನ್ನು ತೆಗೆದುಕೊಂಡಳು, ಕೂರಲಿಲ್ಲ. ಅವರು ಇನ್ನೊಂದು ಸಲ ಹೇಳಿದರು. ಆ ಕಂಪನಿಯವರ ಎದುರು ಹನ್ನೊಂದು ವರ್ಷ ನಿಂತವಳ ಮೈ ಬಗ್ಗಲಿಲ್ಲ.

ಮಾವ ಹಿಂದಿನಿಂದ ಬಂದು ಅವಳ ಭುಜದ ಮೇಲೆ ಕೈಯಿಟ್ಟು ಮೆಲ್ಲನೆ ಒತ್ತಿದರು. "ಕೂತ್ಕೋ ಕಣೇ."

ಅತ್ತೆ ಕೂತಳು. ಹೊಸ ಖಾಕಿಯ ಮೇಲೆ ಐದೂ ಬೆರಳಿನ ಮಸಿ ಅಚ್ಚಾಗಿ ಮೂಡಿತ್ತು. ಆ ಅಂಗಿ ಹೊಲಿದು, ಇಸ್ತ್ರಿ ಹಾಕಿ ಕೊಟ್ಟವಳು ನಾನು. ಆದರೂ ಬಾಯಿ ಬಿಡಲಿಲ್ಲ.