ರಾಯದುರ್ಗದ ಮನೆಯನ್ನು ನಾನು ಮಾರಿದ್ದು

ಮನೆ ಮಾರುವುದು ನನ್ನ ಗಂಡನ ಕೈಯಲ್ಲಾಗುವ ಕೆಲಸವಲ್ಲ ಎಂದು ನನಗೆ ಮೊದಲೇ ಗೊತ್ತಿತ್ತು. ಅವರು ಹುಣಸೆಹಣ್ಣಿನ ವ್ಯಾಪಾರಿ. ಹಣ್ಣು ಮುಟ್ಟಿದರೆ ಅದರ ಗುಣ ಹೇಳುತ್ತಿದ್ದರು, ಆದರೆ ಎದುರಿಗೆ ನಿಂತ ಮನುಷ್ಯ ಯಾಕೆ ಇದ್ದಕ್ಕಿದ್ದಂತೆ ಸುಮ್ಮನಾದ ಎಂಬುದು ಅವರ ತಲೆಗೆ ಹೋಗುತ್ತಿರಲಿಲ್ಲ. ಆದರೂ ಗಂಡಸರ ವ್ಯವಹಾರ, ನನಗೇಕೆ ಎಂದು ಬಿಟ್ಟೆ. ಹಾಗೆ ಬಿಟ್ಟಿದ್ದಕ್ಕೆ ಒಂದು ವರ್ಷವನ್ನು ಅತ್ತಿಗೆಯ ಅಡುಗೆಮನೆಯಲ್ಲಿ ಕಳೆಯಬೇಕಾಯಿತು.

ಅದು ಯುದ್ಧದ ಕಾಲ. ಪೆಟ್ರೋಲ್ ಸಿಗದೆ ಬಸ್ಸುಗಳು ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು ಓಡುತ್ತಿದ್ದವು. ವ್ಯಾಪಾರಕ್ಕೆ ಅನುಕೂಲವೆಂದು ನಾವು ರಾಯದುರ್ಗ ಬಿಟ್ಟು ನನ್ನ ತವರೂರು ಮಡಕಶಿರಕ್ಕೆ ಬಂದೆವು. ರಾಯದುರ್ಗ ಆಗ ಬಳ್ಳಾರಿ ಜಿಲ್ಲೆಗೆ ಸೇರಿತ್ತು, ಮಡಕಶಿರ ಅನಂತಪುರಕ್ಕೆ. ಜಿಲ್ಲೆ ಬದಲಾದದ್ದು ನನಗೆ ಲೆಕ್ಕಕ್ಕಿಲ್ಲ, ಒಲೆ ಬದಲಾದದ್ದು ಮಾತ್ರ ಚುಚ್ಚುತ್ತಿತ್ತು. ನಮಗೆ ಅಣ್ಣನ ಮನೆಯ ಹಿಂದಿನ ಕೋಣೆ ಸಿಕ್ಕಿತು. ಅಣ್ಣನ ಹೆಂಡತಿ ಕೆಟ್ಟವಳೇನಲ್ಲ. ಆದರೆ ನಾನು ಸಾರು ಮಾಡಿದರೆ ಸೌಟಿನ ತುದಿಯಿಂದ ಅಂಗೈಗೆ ಒಂದು ಹನಿ ಬಿಟ್ಟುಕೊಂಡು ನೆಕ್ಕಿ, "ಉಪ್ಪು ಸಾಲದು ಕಣಮ್ಮ" ಎಂದು ಒಂದು ಚಿಟಿಕೆ ಉದುರಿಸಿಯೇ ಉದುರಿಸುತ್ತಿದ್ದಳು. ಹತ್ತು ವರ್ಷ ಮನೆಯೊಡತಿಯಾಗಿದ್ದವಳಿಗೆ ಉಪ್ಪಿನ ಮೇಲೂ ಅಧಿಕಾರವಿಲ್ಲದಂತಾಯಿತು.

ಅದೇ ಬೀದಿಯಲ್ಲಿ ಒಂದು ಮನೆ ಮಾರಾಟಕ್ಕಿತ್ತು. ಚಿಕ್ಕದು, ಆದರೆ ಹಿತ್ತಲಲ್ಲಿ ಸಿಹಿನೀರಿನ ಬಾವಿ. ಅದರ ಯಜಮಾನರು ನನ್ನನ್ನು ಮಗುವಾಗಿದ್ದಾಗಿನಿಂದ ಬಲ್ಲವರು. "ಯುಗಾದಿ ಗಂಟ ಕಾಯ್ತೀನಿ ಮಗಳೇ, ಆಮೇಲೆ ಯಾರು ಬಂದ್ರೆ ಅವರಿಗೆ ಕೊಟ್ಬಿಡ್ತೀನಿ" ಎಂದಿದ್ದರು. ರಾಯದುರ್ಗದ ಮನೆ ಮಾರಿದರೆ ಮಾತ್ರ ಇದು ನಮ್ಮದಾಗುತ್ತಿತ್ತು.

ರಾಯದುರ್ಗದ ಮನೆಗೆ ಏನು ಕಮ್ಮಿ? ಕಲ್ಲಿನ ಗೋಡೆ, ಬೇವಿನ ತೊಲೆ, ಮಣ್ಣಿನ ಮಾಳಿಗೆ, ಮುಂದೆ ನಾಲ್ಕು ಜನ ಕೂರುವಷ್ಟು ಕಟ್ಟೆ. ಬೇಸಿಗೆಯಲ್ಲಿ ದುರ್ಗದ ಬಂಡೆಗಳು ಕಾದು ಊರೇ ಬೇಯುತ್ತಿದ್ದರೂ ನಮ್ಮ ನಡುಮನೆ ತಣ್ಣಗಿರುತ್ತಿತ್ತು. ಆದರೂ ನನ್ನ ಗಂಡ ಹೋದಾಗಲೆಲ್ಲ ಬರಿಗೈಯಲ್ಲಿ ಬರುತ್ತಿದ್ದರು. ಗಿರಾಕಿಗಳು ಬರುತ್ತಾರಂತೆ, ಬೀದಿಯ ತಿರುವಿನಲ್ಲೇ ನಿಂತು ನೋಡುತ್ತಾರಂತೆ, "ಮನಿ ಭಾಳ ಚಲೋ ಐತ್ರಿ, ಹೇಳಿ ಕಳಸ್ತೀವಿ" ಎಂದು ಹೊರಟುಬಿಡುತ್ತಾರಂತೆ. ಒಬ್ಬರೂ ಹೊಸಿಲು ದಾಟಲಿಲ್ಲ. ಇವರು ಬೆಲೆ ಇಳಿಸಿದರು. ಮತ್ತೂ ಇಳಿಸಿದರು. ಇಳಿಸಿದಷ್ಟೂ ಬರುವವರು ಕಮ್ಮಿಯಾದರು. ಶಿವರಾತ್ರಿ ಮುಗಿದ ಮೇಲೆ ನನ್ನ ತಾಳ್ಮೆಯೂ ಮುಗಿಯಿತು. "ಈ ಸಲ ನಾನೂ ಬರುತ್ತೇನೆ" ಎಂದು ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಬಸ್ಸು ಹತ್ತಿದೆ.

ರಾಯದುರ್ಗದಲ್ಲಿ ಇಳಿದಾಗ ಮೈತುಂಬ ಇದ್ದಿಲಿನ ಮಸಿ. ಗಂಡ ದಲ್ಲಾಳಿಯನ್ನು ಕರೆತರಲು ಪೇಟೆಗೆ ಹೋದರು, ನಾನು ನೇರ ಮನೆಯ ಕಡೆ ನಡೆದೆ. ತಿರುವಿನಲ್ಲಿ ಗಂಡ ಹೆಂಡತಿ ಇಬ್ಬರು ಹಿಂದಿರುಗುತ್ತಿದ್ದರು. ಕಣೇಕಲ್ಲಿನ ಕೆರೆಯ ಕೆಳಗೆ ಗದ್ದೆಯಿರುವ ಅನುಕೂಲಸ್ಥರೆಂದು ಆಮೇಲೆ ತಿಳಿಯಿತು. ನಾನು ಆ ಮನೆಯ ಕಡೆಯೇ ನೋಡುತ್ತಿದ್ದುದನ್ನು ಕಂಡು ಆ ಹೆಂಗಸು ನನ್ನನ್ನೂ ಗಿರಾಕಿ ಎಂದುಕೊಂಡಳು.

"ಬ್ಯಾಡ್ರಿ ಅಕ್ಕ, ಕೂಸು ಎತ್ತಿಕೊಂಡು ಅಲ್ಲಿಗೆ ಹೋಗಬ್ಯಾಡ್ರಿ," ಎಂದಳು.

"ಯಾಕ ತಂಗಿ?"

"ಬಾಗಲಕ್ಕ ಮುಳ್ಳು ಹಾಕ್ಯಾರ, ಕಾಣವಲ್ದೇನ್ರಿ?"

ನೋಡಿದೆ. ಬಾಗಿಲಿಗೆ ಅಡ್ಡವಾಗಿ ಎದೆಯೆತ್ತರ ಜಾಲಿಮುಳ್ಳು. ನನಗೆ ಒಂದೇ ಕ್ಷಣದಲ್ಲಿ ಎಲ್ಲವೂ ಅರ್ಥವಾಯಿತು. ಮೊದಲು ನಗು ಬಂತು, ಅದರ ಹಿಂದೆಯೇ ಮೈಯೆಲ್ಲ ಉರಿದುಹೋಯಿತು. ನಮ್ಮ ಸೀಮೆಯಲ್ಲಿ ಕೆಟ್ಟ ನಕ್ಷತ್ರದಲ್ಲಿ ಸಾವಾದರೆ ಮನೆಯವರು ತಿಂಗಳುಗಟ್ಟಲೆ ಆ ಮನೆ ಬಿಟ್ಟು, ಬಾಗಿಲಿಗೆ ಮುಳ್ಳು ಹಾಕಿ ಹೋಗುತ್ತಾರೆ. ಅಂಥ ಬಾಗಿಲ ಮುಂದೆ ನಿಂತು ಯಾರೂ ಅದರ ಮಾತೆತ್ತುವುದಿಲ್ಲ, ಒಳ್ಳೆಯ ಮಾತಾಡಿ ಸರಿದು ಹೋಗುತ್ತಾರೆ. ನಾವು ಲಿಂಗ ಕಟ್ಟಿಕೊಂಡವರು, ನಮ್ಮ ಮನೆತನದಲ್ಲಿ ಸಾವಿಗೆ ನಕ್ಷತ್ರ ನೋಡಿದವರಿಲ್ಲ. ಹಾಗಾಗಿ ನನ್ನ ಗಂಡನಿಗೆ ಜಾಲಿಮುಳ್ಳೆಂದರೆ ಬರೀ ಬೇಲಿ. ಬೀದಿಯ ಆಡುಗಳು ಕಟ್ಟೆ ಹತ್ತಿ ಬಾಗಿಲ ಮುಂದೆ ಹಿಕ್ಕೆ ಹಾಕುತ್ತವೆಂದು, ಗಿರಾಕಿಗೆ ಮನೆ ಚೊಕ್ಕಟ ಕಾಣಲೆಂದು, ತಾವೇ ಕಡಿದು ತಂದು ಜೋಡಿಸಿದ್ದರು!

"ಈ ಮನಿ ನಂದೇ ತಂಗಿ," ಎಂದೆ. ಅವಳು ಎರಡು ಹೆಜ್ಜೆ ಹಿಂದೆ ಸರಿದಳು.

ಮಗಳನ್ನು ಎದುರು ಮನೆಯ ಕಟ್ಟೆಯ ಮೇಲೆ ಕೂರಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮುಳ್ಳನ್ನು ಎಳೆಯತೊಡಗಿದೆ. ಕೈಯೆಲ್ಲ ಗೀರಿತು. ಆ ದಂಪತಿ ದೂರದಲ್ಲಿ ನಿಂತು ನೋಡುತ್ತಲೇ ಇದ್ದರು. ಅವಳಿಗೆ ತಡೆಯಲಾಗಲಿಲ್ಲ. "ಹಂಗಾದ್ರ ಈ ಮನ್ಯಾಗ ಯಾರೂ ಸತ್ತಿಲ್ಲೇನ್ರಿ?" ಎಂದು ಅಲ್ಲಿಂದಲೇ ಕೂಗಿ ಕೇಳಿದಳು.

ಇಲ್ಲ ಎನ್ನಬಹುದಿತ್ತು. ಯುಗಾದಿ ಹತ್ತಿರವಿತ್ತು, ಬಾವಿಯ ಮನೆ ಕಣ್ಣೆದುರಿಗಿತ್ತು. ಆದರೆ ನಮ್ಮತ್ತೆ ಇದ್ದೇ ಇರಲಿಲ್ಲವೆಂಬಂತೆ ಹೇಳಲು ನನಗೆ ಬಾಯಿ ಬರಲಿಲ್ಲ. ಅಡುಗೆ ಕಲಿಸಿದವರು ಅವರು. ಕಲಿಸಿದ ಮೇಲೆ ಎಂದೂ ನನ್ನ ಪಾತ್ರೆಯಲ್ಲಿ ಕೈಯಾಡಿಸದವರು.

"ನಮ್ಮತ್ತಿ ತೀರಿಕೊಂಡಾರ, ಇದ ನಡುಮನ್ಯಾಗ. ನನ್ನ ಕೈಲೇ ನೀರು ಕುಡುದು ಹೋದ್ರು. ನಕ್ಷತ್ರ ಯಾವುದೋ ನಾವು ನೋಡಿಲ್ಲ. ಯಾರೂ ಸಾಯದ ಮನಿ ಬೇಕಂದ್ರ ನೀವು ಹೊಸದು ಕಟ್ಟಿಸ್ಕೋಬೇಕು ತಂಗಿ. ಅವರು ಹೋದ ಮ್ಯಾಲೆ ಈ ಕೂಸು ಅದ ಜಾಗದಾಗ ಹುಟ್ಟೈತಿ. ಇವತ್ತೂ ಅಲ್ಲೇ ಮಲಗಸ್ತೀನಿ. ಬೇಕಾದ್ರ ನಾಳೆ ಮುಂಜಾನೆ ಬಂದು ನೋಡ್ರಿ."

ಅವರು ಬಂದ ದಾರಿ ಹಿಡಿದು ಹೋದರು. ನನ್ನ ಗಂಡ ಬಂದು ವಿಷಯ ಕೇಳಿ ಕಟ್ಟೆಯ ಮೇಲೆ ಕೂತರು. "ಆಡು ಬರ್ತಾವಂತ ಹಾಕಿದೆ," ಎಂದರು. "ಆಡಿನ ಜೊತಿಗೆ ಗಿರಾಕಿನೂ ಬರಲಿಲ್ಲ, ಭೇಷ್ ಆತು," ಎಂದೆ. ದಲ್ಲಾಳಿ ಪಾಪ, ಮುಖ ಆ ಕಡೆ ತಿರುಗಿಸಿಕೊಂಡು ನಕ್ಕ. ಒಣಗಿದ ಆ ಮುಳ್ಳನ್ನೇ ಒಲೆಗೆ ಹಾಕಿ, ತಂದಿದ್ದ ಜೋಳದ ಹಿಟ್ಟಿನಲ್ಲಿ ರೊಟ್ಟಿ ಬಡಿದೆ. ವರ್ಷದ ಮೇಲೆ ನನ್ನ ಒಲೆಯಲ್ಲಿ ನಾನು ಸುಟ್ಟ ರೊಟ್ಟಿ. ಎಷ್ಟು ತಿಂದೆನೋ ನನಗೇ ನೆನಪಿಲ್ಲ.

ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುತ್ತಿದ್ದಾಗ ಕಣೇಕಲ್ಲಿನ ಆ ಹೆಂಗಸು ಒಬ್ಬಳೇ ಬಂದು ನಿಂತಳು. ಒಳಗೆ ಇಣುಕಿದಳು. ನಡುಮನೆಯಲ್ಲಿ ಮಗಳು ಕಾಲು ಚಾಚಿ ನಿದ್ದೆ ಹೊಡೆಯುತ್ತಿದ್ದಳು. ಅವಳು ಸ್ವಲ್ಪ ಹೊತ್ತು ನೋಡಿದಳು, ಆಮೇಲೆ ಬಲಗಾಲಿಟ್ಟು ಒಳಗೆ ಬಂದು ಮಗುವಿನ ಹಣೆ ಮುಟ್ಟಿದಳು.

"ಅಡಿಗಿ ಮನಿ ಎಲ್ಲೈತ್ರಿ ಅಕ್ಕ?" ಎಂದು ಕೇಳಿದಳು.

ಒಲೆಯ ಜಾಗ ಕೇಳಿದ ಹೆಂಗಸು ಮನೆ ಕೊಂಡಂತೆಯೇ. ಮೊದಲು ಹೇಳಿದ್ದ ಬೆಲೆಯಿಂದ ನಾನು ಒಂದಿಷ್ಟೂ ಇಳಿಯಲಿಲ್ಲ. ನನ್ನ ಗಂಡ ಬಾಯಿ ತೆರೆಯಲು ಹೋದಾಗಲೆಲ್ಲ ಅವರ ಕಡೆ ನೋಡಿದೆ, ಅಷ್ಟೇ ಸಾಕಾಯಿತು. ಕೀಲಿಕೈ ಕೊಡುವಾಗ, ಬೇಸಿಗೆಯಲ್ಲಿ ನಡುಮನೆಯಲ್ಲೇ ಮಲಗಿಕೊಳ್ಳಿ ಎಂದು ಹೇಳಿ ಬಂದೆ.

ಯುಗಾದಿಗೆ ಮೊದಲೇ ಬಾವಿಯ ಮನೆ ನಮ್ಮದಾಯಿತು. ಹಾಲುಕ್ಕಿಸಿದ ದಿನ ಅಣ್ಣ ಅತ್ತಿಗೆಯರನ್ನು ಊಟಕ್ಕೆ ಕರೆದೆ. ಅತ್ತಿಗೆ ವರ್ಷವಿಡೀ ನನಗೆ ಬಡಿಸಿದವಳು, ಆ ಉಪಕಾರ ನಾನು ಮರೆತಿಲ್ಲ. ಮಣೆ ಹಾಕಿ ಕೂರಿಸಿ, ಅನ್ನದ ಮೇಲೆ ಬಿಸಿ ಸಾರು ಬಡಿಸಿದೆ. ಅವಳು ಒಂದು ತುತ್ತು ಬಾಯಿಗಿಟ್ಟುಕೊಂಡು ಸ್ವಲ್ಪ ಯೋಚಿಸಿದಳು.

"ಉಪ್ಪು ಸಾಲದು ಕಣಮ್ಮ," ಎಂದಳು.

"ನಮ್ಮನೇಲಿ ಇಷ್ಟೇ ಕಣತ್ತಿಗೆ," ಎಂದು ಇನ್ನೊಂದು ಸೌಟು ಬಡಿಸಿದೆ.