ಪಕ್ಕದ ಮನೆಯಕ್ಕನ ಹ್ಯಾಂಡ್‌ಬ್ರೇಕು

ಮೊನ್ನೆ ತರಕಾರಿ ತರಲು ಹೋದಾಗ ಟೆಂಪೊವೊಂದರಿಂದ ಟೊಮೇಟೊ ಇಳಿಸುತ್ತಿದ್ದರು. ಜಜ್ಜಿದ ಟೊಮೇಟೊ ಎಲೆಯ ಹಸಿ ವಾಸನೆಯ ಜೊತೆಗೆ ಗಾಡಿಯ ಅಡಿಯಿಂದ ಗ್ರೀಸಿನ ವಾಸನೆಯೂ ಬಂತು. ಎರಡೂ ಒಟ್ಟಿಗೆ ಮೂಗಿಗೆ ಬಡಿದಾಗ ಚೀಲ ಹಿಡಿದು ಅಲ್ಲೇ ನಿಂತುಬಿಟ್ಟೆ. ಹಂಗಳದಲ್ಲಿದ್ದಾಗ ಪಕ್ಕದ ಮನೆಯಕ್ಕ ಬಂದು ಕೂತರೆ ಅವರ ಸೆರಗಿನಿಂದ ಇದೇ ವಾಸನೆ ಬರುತ್ತಿತ್ತು...

ತೊಂಬತ್ತರ ದಶಕದ ನಡುವಿನ ಮಾತು. ನಾನು ಗುಂಡ್ಲುಪೇಟೆ ಹತ್ತಿರದ ಹಂಗಳದ ಶಾಲೆಗೆ ಟೀಚರಾಗಿ ಹೋದ ಹೊಸತು. ನನ್ನ ಬಾಡಿಗೆ ಮನೆಗೂ ಅಕ್ಕನ ಮನೆಗೂ ನಡುವೆ ಒಂದೇ ಗೋಡೆ. ಅವರ ಮಗ ನಮ್ಮ ಶಾಲೆಯಲ್ಲೇ ಓದುತ್ತಿದ್ದ. ಮನೆಯ ಮುಂದೆ ಒಂದು ಹಳೇ ಪಿಕಪ್ಪು ನಿಂತಿರುತ್ತಿತ್ತು. ಜೀಪಿನ ಮೂತಿ, ಹಿಂದೆ ಸಾಮಾನು ತುಂಬುವ ತೆರೆದ ತೊಟ್ಟಿ. ಅಕ್ಕನ ಮಾವ ಯಾವುದೋ ಕಾಲದಲ್ಲಿ ಊಟಿ ಕಡೆಯ ಟೀ ಎಸ್ಟೇಟಿನಿಂದ ಕೊಂಡು ತಂದದ್ದಂತೆ. ಅಕ್ಕನ ಯಜಮಾನರು ಅದರಲ್ಲಿ ಊರವರ ಟೊಮೇಟೊ, ಬೀನ್ಸು, ಕೋಸು ತುಂಬಿಕೊಂಡು ಗುಂಡ್ಲುಪೇಟೆಯ ಮಂಡಿಗೆ ಹಾಕಿ ಬರುತ್ತಿದ್ದರು.

ಗಾಡಿಯ ಹ್ಯಾಂಡ್‌ಬ್ರೇಕಿನ ಕೇಬಲ್ಲು ಎಂದೋ ಕಿತ್ತುಹೋಗಿತ್ತು. ಎಳೆಯುವ ಹಿಡಿ ಮಾತ್ರ ಸೀಟಿನ ಪಕ್ಕ ಸತ್ತಂತೆ ಬಿದ್ದಿರುತ್ತಿತ್ತು. ನಿಲ್ಲಿಸಿದಾಗಲೆಲ್ಲ ಗೇರಿಗೆ ಹಾಕಿ, ಚಕ್ರದ ಕೆಳಗೆ ಒಂದು ಕಲ್ಲು ಇಡುವುದು ವಾಡಿಕೆ. ಒಂದು ದಿನ ಮಂಡಿಯ ಇಳಿಜಾರಿನಲ್ಲಿ, ಯಜಮಾನರು ಹಿಂದೆ ನಿಂತು ಕ್ರೇಟು ಇಳಿಸುತ್ತಿದ್ದಾಗ ಆ ಕಲ್ಲು ಜಾರಿತು. ಹೊರೆ ತುಂಬಿದ ಗಾಡಿ ಹಿಂದಕ್ಕೆ ಬಂದು ಅವರ ಕಾಲನ್ನು ಗೋಡೆಗೆ ಒತ್ತಿತು. ಮೈಸೂರಿನ ಆಸ್ಪತ್ರೆಯಲ್ಲಿ ಕಾಲು ಉಳಿಯಿತು, ಆದರೆ ಮೊಣಕಾಲು ಮಡಚಲು ಬರಲಿಲ್ಲ. ಮನೆಗೆ ಬಂದ ಮೇಲೆ ಅವರು ಜಗಲಿಯ ಮೇಲೆ ಗಾಡಿಗೆ ಬೆನ್ನು ಹಾಕಿ ಕೂರುತ್ತಿದ್ದರು.

"ಮನೆ ಮಗನ ಕಾಲ ತಿಂದ ಗಾಡಿ ಬಾಗಿಲಲ್ಲಿ ಇರಬಾರ್ದು, ಗುಜರಿಗ ಕೊಟ್ಬುಡನ" ಎಂದರು ಮಾವ.

ಅಕ್ಕ ಮುದ್ದೆ ಬಡಿಸುತ್ತಿದ್ದರು. ಕೈ ನಿಲ್ಲಿಸದೆಯೇ ಹೇಳಿದರು: "ಗಾಡಿ ಏನ್ ಮಾಡ್ತು ಮಾವ? ಇಡ್ಕಳ ಬ್ರೇಕೇ ಇಲ್ದಿದ್ರ ಅದಾದ್ರೂ ಎಂಗ್ ನಿಂತ್ಕತ್ತದ? ಬ್ರೇಕ್ ಸರಿ ಮಾಡಿಸ್ತಿನಿ. ಆಮ್ಯಾಕ ನಾನೇ ಓಡಿಸ್ತಿನಿ."

ನಮ್ಮ ಬೀದಿಯಲ್ಲಿ ಆಗ ಮೊಪೆಡ್ ಓಡಿಸುವ ಹೆಂಗಸೂ ಇರಲಿಲ್ಲ. ಮಾವ ಊಟ ಮುಗಿಸಿ ಎದ್ದರು. ಬೇಡ ಅನ್ನಲಿಲ್ಲವಲ್ಲ, ಅಕ್ಕನಿಗೆ ಅಷ್ಟೇ ಸಾಕಾಗಿತ್ತು.

ಗುಂಡ್ಲುಪೇಟೆಯಲ್ಲಿ ಕೇರಳದ ಬತ್ತೇರಿ ಕಡೆಯಿಂದ ಬಂದ ಮೆಕ್ಯಾನಿಕ್ ಒಬ್ಬನಿದ್ದ. ಅವನೂ ಅಕ್ಕನನ್ನು ಅಕ್ಕ ಎಂದೇ, ತನ್ನ ಮಲಯಾಳದಲ್ಲಿ 'ಚೇಚಿ' ಎಂದು ಕರೆಯುತ್ತಿದ್ದ. ಗಾಡಿಯನ್ನು ಗ್ಯಾರೇಜಿಗೆ ಒಯ್ದವನು, "ಹ್ಯಾಂಡ್‌ಬ್ರೇಕ್ ಯಾರು ಹಾಕ್ತಾರೆ ಚೇಚಿ? ದೊಡ್ಡ ಕಲ್ಲು ಇಟ್ಕೊಳ್ಳಿ, ಸಾಕು" ಎಂದ.

"ಕಲ್ಲ ನಂಬೇ ನಮ್ಮೆಜಮಾನ್ರು ಆಸ್ಪತ್ರೆ ಸೇರಿದ್ದು ಕಣಪ್ಪ" ಎಂದರು ಅಕ್ಕ. ಅವನು ಚಕ್ರ ಬಿಚ್ಚಿದ. ಒಳಗೆ ಬ್ರೇಕನ್ನು ಒತ್ತುವ ಸನ್ನೆಕೋಲು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಅದನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿ ಬಿಡಿಸಬಹುದಿತ್ತು. ಕೇಬಲ್ಲಿನದೇ ತೊಂದರೆ. ಅಷ್ಟು ಹಳೆಯ ಗಾಡಿಯದು ಗುಂಡ್ಲುಪೇಟೆಯಲ್ಲಿ ಸಿಗಲಿಲ್ಲ.

ನನಗೆ ಚಾಮರಾಜನಗರದಲ್ಲಿ ಕಚೇರಿ ಕೆಲಸವಿದ್ದ ದಿನ ಅಕ್ಕನೂ ಬಸ್ಸು ಹತ್ತಿದರು. ಕಿತ್ತುಹೋದ ಕೇಬಲ್ಲು ಗೊಬ್ಬರದ ಚೀಲದಲ್ಲಿ ಸುರುಳಿ ಸುತ್ತಿ ಕಾಲಡಿಯಲ್ಲಿತ್ತು. ಅಂಗಡಿ ಅಂಗಡಿ ತಿರುಗಿದೆವು. ಒಬ್ಬ ಅಂಗಡಿಯವನು ಅಕ್ಕನ ತಲೆಯ ಮೇಲಿಂದ ನೋಡುತ್ತಾ, "ಗಂಡಸರ ಕಳ್ಸಮ್ಮ" ಎಂದ. "ಗಂಡಸ್ರು ಬತ್ತರ, ಕಾಲು ಸರ್ಯಾಗ್ಲಿ. ನೀನು ಕೇಬಲ್ ತೋರ್ಸು" ಎಂದರು ಅಕ್ಕ, ಸ್ವಲ್ಪವೂ ದನಿ ಏರಿಸದೆ. ಅವನಲ್ಲಿ ಇರಲಿಲ್ಲ. ಕೊನೆಗೆ ಸಂತೆಮರಹಳ್ಳಿ ರಸ್ತೆಯ ಗುಜರಿಯಲ್ಲಿ, ಬೇರೆ ಯಾವುದೋ ಗಾಡಿಯದು ಸಿಕ್ಕಿತು. ಎರಡನ್ನೂ ಮಣ್ಣಿನ ಮೇಲೆ ಪಕ್ಕಪಕ್ಕ ಮಲಗಿಸಿ, ಅಕ್ಕ ಕುಕ್ಕುರುಗಾಲಿನಲ್ಲಿ ಕೂತು ನೋಡಿದರು. ಇದು ಹಳೆಯದಕ್ಕಿಂತ ಒಂದು ಗೇಣು ಉದ್ದ. "ಉದ್ದ ಇದ್ದದ್ದ ಕತ್ತರಿಸ್ಬೋದು, ಗಿಡ್ಡ ಇದ್ದದ್ದ ಎಳ್ಯಕಾದದಾ?" ಎಂದು ನಕ್ಕರು. ಆ ನಗು ನನಗೆ ಈಗಲೂ ಕೇಳಿಸುತ್ತದೆ...

ಗಾಡಿ ಗ್ಯಾರೇಜಿನಲ್ಲಿದ್ದಾಗ ಮನೆಯಲ್ಲಿ ಪಾಠ ಶುರುವಾಯಿತು. ಅಕ್ಕ ನೆಲದ ಮೇಲೆ ಮೂರು ಹಲಗೆ ಇಟ್ಟುಕೊಂಡು ಕುರ್ಚಿಯಲ್ಲಿ ಕೂರುತ್ತಿದ್ದರು. ಕ್ಲಚ್ಚು, ಬ್ರೇಕು, ಆಕ್ಸಿಲರೇಟರು. ಯಜಮಾನರು ಜಗಲಿಯಿಂದ ಹೇಳುತ್ತಿದ್ದರು, "ನಿಧಾನ ಬುಡು, ನಿಧಾನ ಬುಡಮ್ಮಿ." ಗಾಡಿಯ ಹೆಸರೆತ್ತಿದರೆ ಮುಖ ತಿರುಗಿಸುವ ಮನುಷ್ಯ ಹೆಂಡತಿಗೆ ಹೇಳಿಕೊಡುವಾಗ ಮಾತ್ರ ಎಲ್ಲವನ್ನೂ ಹೇಳುತ್ತಿದ್ದರು. ಆಮೇಲೆ ಮೆಕ್ಯಾನಿಕ್ಕೇ ಗ್ಯಾರೇಜಿನ ಬೇರೊಂದು ಗಾಡಿಯನ್ನು ಖಾಲಿ ಮೈದಾನದಲ್ಲಿ ಓಡಿಸಲು ಕಲಿಸಿದ. ಲೈಸೆನ್ಸೂ ಬಂತು.

ಬ್ರೇಕು ಸಿದ್ಧವಾದ ದಿನ ಗೋಪಾಲಸ್ವಾಮಿ ಬೆಟ್ಟದ ದಾರಿಯ ಏರಿನಲ್ಲಿ ಪರೀಕ್ಷೆ. ಟೊಮೇಟೊ ತುಂಬಿದ ಗಾಡಿಯನ್ನು ಏರಿನ ನಡುವೆ ನಿಲ್ಲಿಸಿ, ಗೇರು ತೆಗೆದು, ಅಕ್ಕ ಹ್ಯಾಂಡ್‌ಬ್ರೇಕು ಎಳೆದು ಕಾಲು ಎತ್ತಿದರು. ನಿಂತಿತು. ಮೆಕ್ಯಾನಿಕ್ ಕೈ ಒರೆಸಿಕೊಳ್ಳುವಷ್ಟರಲ್ಲಿ ಚಕ್ರ ಮೆಲ್ಲಗೆ ಹಿಂದಕ್ಕೆ ಉರುಳತೊಡಗಿತು. ಅಕ್ಕ ಕಾಲಿನ ಬ್ರೇಕು ತುಳಿದು ನಿಲ್ಲಿಸಿದರು.

"ಇಷ್ಟು ಹಿಡಿದ್ರೆ ಸಾಕು ಚೇಚಿ, ಹಳೇ ಗಾಡಿ" ಎಂದ ಅವನು.

"ಇಲ್ಲ ಕಣಪ್ಪ. ಅರ್ಧ ಇಡಿಯೋ ಬ್ರೇಕು ಇಲ್ದಿರೋದ್ಕಿಂತ ಕಡೆ. ಅದ ನಂಬ್ಕಂಡು ಯಾರಾರ ಹಿಂದ ನಿಂತ್ಕತ್ತರ."

ಮತ್ತೆ ಬಿಚ್ಚಿದರು. ಒಳಗೆ ಎಣ್ಣೆ ಸೋರಿ, ಚಕ್ರವನ್ನು ಕಚ್ಚಿ ಹಿಡಿಯುವ ಪಟ್ಟಿ ಜಾರುತ್ತಿತ್ತು. ಪಟ್ಟಿ ಹೊಸದಾಯಿತು, ಸೋರಿಕೆ ನಿಂತಿತು. ಎರಡನೆಯ ಸಲ ಟೊಮೇಟೊ ತುಂಬಿಕೊಂಡು ಅದೇ ಏರಿಗೆ ಹೋದಾಗ ಯಜಮಾನರೂ ಕೋಲೂರಿಕೊಂಡು ಬಂದಿದ್ದರು. ಗಾಡಿಯ ಹಿಂದೆ ಯಾರೂ ನಿಲ್ಲದಂತೆ ನೋಡಿಕೊಂಡು ಅಕ್ಕ ಬ್ರೇಕು ಎಳೆದರು. ಗಾಡಿ ನಿಂತಿತು, ನಿಂತೇ ಇತ್ತು. ಮೆಕ್ಯಾನಿಕ್ ಮುಂದಿನಿಂದ ಹೆಗಲು ಕೊಟ್ಟು ತಳ್ಳಿದ. ಅಲುಗಲಿಲ್ಲ. ಯಜಮಾನರು ತುಂಬ ಹೊತ್ತು ಚಕ್ರವನ್ನೇ ನೋಡುತ್ತಿದ್ದರು. ಆಮೇಲೆ ನಿಧಾನವಾಗಿ ನಡೆದು ಬಂದು, ಬಾಗಿಲು ತೆಗೆದು, ಮಡಚದ ಕಾಲನ್ನು ಕೈಯಿಂದ ಎತ್ತಿ ಒಳಗಿಟ್ಟು ಅಕ್ಕನ ಪಕ್ಕ ಕೂತರು.

"ನಡಿ, ಮಂಡಿಗ ಓಗನ. ಕಾಯಿ ಬಾಡೋಯ್ತದ" ಎಂದರು.

ಅಕ್ಕ ಆಮೇಲೆ ವರ್ಷಗಟ್ಟಲೆ ಆ ಗಾಡಿ ಓಡಿಸಿದರು. ಪಕ್ಕದಲ್ಲಿ ಯಜಮಾನರು, ರಜೆಯ ದಿನ ಎಷ್ಟೋ ಸಲ ಅವರ ಪಕ್ಕ ನಾನು. ಮಂಡಿಯಲ್ಲಿ ಮೊದಮೊದಲು ಹಲ್ಲು ಕಿರಿದವರು ತಮ್ಮ ಗಾಡಿಗೂ ಬ್ರೇಕು ಕಟ್ಟಿಸಲು ಅದೇ ಗ್ಯಾರೇಜಿಗೆ ಹೋದರು. ಅಕ್ಕ ಅದನ್ನು ಯಾರಿಗೂ ಎತ್ತಿ ಆಡಿದ್ದು ನಾನು ಕೇಳಲಿಲ್ಲ. ನನಗೆ ವರ್ಗವಾಯಿತು. ಹಂಗಳ ದೂರವಾಯಿತು...

ಹೋದ ವರ್ಷ ಅವರ ಮಗ ಫೋನು ಮಾಡಿ ಅಕ್ಕ ತೀರಿಹೋದ ಸುದ್ದಿ ಹೇಳಿದ. ಆಗ ಹೋಗಲಾಗಲಿಲ್ಲ. ಕಳೆದ ಭಾನುವಾರ ಹೋಗಿಬಂದೆ. ಹಳೇ ಪಿಕಪ್ಪು ಎಂದೋ ಹೋಗಿ, ಅಕ್ಕನೇ ಕೊಂಡು ಓಡಿಸುತ್ತಿದ್ದ ಇನ್ನೊಂದು ಗಾಡಿ ಮನೆ ಮುಂದಿತ್ತು. ಈಗ ಅದನ್ನು ಮಗ ಓಡಿಸುತ್ತಾನೆ. ಸೊಸೆ ಕಾಫಿ ತಂದುಕೊಟ್ಟಳು. ಯಜಮಾನರಿಗೆ ವಯಸ್ಸಾಗಿದೆ. ಮಂಡಿಗೆ ಈಗಲೂ ಹೋಗುತ್ತೀರಾ ಎಂದು ಕೇಳಿದೆ.

"ಮಗ ಕರೀತನ, ನಾನೇ ಓಗಲ್ಲ ಟೀಚರಮ್ಮ" ಎಂದರು. "ಅವ್ಳು ಓಡ್ಸುವಾಗ ನಾನು ಒಂದಿನಾನೂ ರಸ್ತೆ ನೋಡ್ನಿಲ್ಲ. ಎರಡೂ ಕಡೆ ಹೊಲ ನೋಡ್ಕಂಡು ಕೂತಿರ್ತಿದ್ದೆ. ಮಗನ ಪಕ್ಕ ಕೂತ್ರ ರಸ್ತೆ ನೋಡ್ಬೇಕಾಯ್ತದ."

ಬಸ್ಸಿನ ಹೊತ್ತಾಗುವವರೆಗೆ ಜಗಲಿಯ ಮೇಲೆ ಅವರ ಪಕ್ಕ ಕೂತಿದ್ದೆ.