ಹತ್ತಿಗೆ ಅಂಟಿದ ಕಪ್ಪು

ಆರು ವರ್ಷದ ಹಿಂದಿನ ಮಾತು. ದುಬೈಯ ಅಲ್ ಕೂಜ್‌ನಲ್ಲಿ ಕಲಾವಸ್ತುಗಳನ್ನು ಕಾಪಿಡುವ ಒಂದು ಗೋದಾಮಿಗೆ ನಾನು ಸೂಪರ್‌ವೈಸರ್. ಅಬುಧಾಬಿಯ ಪ್ರದರ್ಶನವೊಂದಕ್ಕೆ ಘಾನಾದಿಂದ ಮರದ ಪೆಟ್ಟಿಗೆ ಬಂತು. ಒಳಗೆ ಒಂದೇ ಕತ್ತಿ: ಮೊಳದುದ್ದ, ಹಿಡಿಗೆ ಚಿನ್ನದ ತಗಡು, ಅಲಗಿನ ತುಂಬ ಕಪ್ಪು ಪದರ. ಒಂದು ಮನೆತನದ ಹೊಸ ಮುಖ್ಯಸ್ಥ ಅದನ್ನು ಹಿಡಿದೇ ಪ್ರಮಾಣ ಮಾಡಬೇಕಂತೆ.

ಬಂದ ವಸ್ತುವಿನ ಗೀರು, ಬಿರುಕು, ಕಲೆಗಳನ್ನು ದಾಖಲಿಸುವುದು ನಮ್ಮ ಮೊದಲ ಕೆಲಸ. ಅದಕ್ಕೆ ಕಂಡೀಷನ್ ರಿಪೋರ್ಟ್ ಎನ್ನುತ್ತೇವೆ. ಒರೆಸುವುದು ನಮ್ಮ ಕೆಲಸವೇ ಅಲ್ಲ. ಇದನ್ನೇ ಇತರರಿಗೆ ಕಲಿಸುತ್ತಿದ್ದ ನಾನು ಅಂದು ತಪ್ಪಿದೆ. ಉಡುಪಿ ಕಡೆಯ ನಮ್ಮ ಮನೆಯಲ್ಲಿ ಭೂತಕೋಲಕ್ಕೆ ಮೊದಲು ದೈವದ ಖಡ್ಗವನ್ನು, ಅಂದರೆ ಕಡ್ಸಲೆಯನ್ನು, ಹುಣಸೆಹುಳಿ ಹಾಕಿ ತಿಕ್ಕಿ ಬೆಳಗುವುದು ಕ್ರಮ. ಕೈ ತಾನಾಗಿ ಮುಂದೆ ಹೋಯಿತು. ಒದ್ದೆ ಹತ್ತಿಯಿಂದ ಒಮ್ಮೆ ಒರೆಸಿದೆ, ಅಷ್ಟೇ. ಅಕ್ಕಿಕಾಳಿನಷ್ಟು ಜಾಗದಲ್ಲಿ ಕಬ್ಬಿಣ ಹೊಳೆಯಿತು.

ಕತ್ತಿಯ ಜೊತೆಗೇ ಬಂದಿದ್ದ ಅದರ ಪಾಲಕರು, ಅರವತ್ತು ದಾಟಿದ ಕ್ವಾಮೆ, ಪಕ್ಕದ ಕೋಣೆಯಲ್ಲಿದ್ದರು.

"ಎಂತ ಮಾಡಿದ್ರಿ ಮಾರಾಯ್ರೆ!" ಎಂದ ಜೊತೆಗಾರ, ಉಳ್ಳಾಲದ ಹಮೀದ್. "ಸ್ವಲ್ಪ ಕಪ್ಪು ವ್ಯಾಕ್ಸ್ ಹಚ್ಚುವ. ಖಲಾಸ್, ಯಾರಿಗೂ ಗೊತ್ತಾಗುದಿಲ್ಲ."

ಆಸೆಯಾಗಲಿಲ್ಲ ಎಂದರೆ ಸುಳ್ಳು. ಕೆಲಸ ಹೋದರೆ ವೀಸಾವೂ ಹೋಗುತ್ತದೆ. ಆದರೆ ದೈವದ ಆಯುಧದ ಮುಂದೆ ನಿಂತು ಸುಳ್ಳಾಡುವ ಧೈರ್ಯ ನನಗಿರಲಿಲ್ಲ. ಹೋಗಿ ಹೇಳಿಬಿಟ್ಟೆ, ಕಡ್ಸಲೆಯ ಕಥೆಯನ್ನೂ ಸೇರಿಸಿ.

ಕ್ವಾಮೆ ಬಂದು ನೋಡಿದರು. ಬೈಯಲಿಲ್ಲ. "ಇದು ಕೊಳೆಯಲ್ಲ. ಪ್ರತಿ ಪ್ರಮಾಣದ ದಿನ ಹಚ್ಚಿದ ಎಣ್ಣೆ, ಮೊಟ್ಟೆ, ರಕ್ತ. ನನ್ನ ಅಜ್ಜನ ಅಜ್ಜನೂ ಇದರಲ್ಲಿದ್ದಾನೆ. ತೊಳೆದರೆ ಬರೀ ಕಬ್ಬಿಣ."

"ಇನ್ನು ಇದರ ಮೇಲೆ ಪ್ರಮಾಣ ಸಲ್ಲುತ್ತದೆಯೇ?" ಎಂದು ಕೇಳಿದೆ.

"ಆ ಹತ್ತಿ ಎಲ್ಲಿ?" ಎಂದರು.

ಕಸದ ಬುಟ್ಟಿಯಿಂದ ಹೆಕ್ಕಿ ಕೊಟ್ಟೆ. ಅದನ್ನು ಎರಡೂ ಅಂಗೈಯಲ್ಲಿ ಹಿಡಿದು ತಮ್ಮ ಭಾಷೆಯಲ್ಲಿ ಬಹಳ ಹೊತ್ತು ಮಾತಾಡಿದರು, ಮನೆಯ ಹಿರಿಯರೊಡನೆ ಮಾತಾಡುವ ಹಾಗೆ. ಆಮೇಲೆ ನನ್ನತ್ತ ತಿರುಗಿ, "ಹತ್ತಿಗೆ ಅಂಟಿದ ಇವರೂ ಮನೆಗೆ ಬರಬೇಕು. ಎಲ್ಲರೂ ಬಂದರೆ ಸಲ್ಲುತ್ತದೆ" ಎಂದರು.

ಆ ಹತ್ತಿಗೆ ನಾನೇ ಪೆಟ್ಟಿಗೆ ಮಾಡಿದೆ. ಕತ್ತಿಗಿದ್ದಂಥದೇ ಫೋಮ್, ಕತ್ತಿಗಿದ್ದಂಥದೇ ಲೇಬಲ್. ರಿಪೋರ್ಟಿನಲ್ಲಿ ನನ್ನ ತಪ್ಪನ್ನು ನನ್ನ ಹೆಸರಿನಲ್ಲೇ ಬರೆದೆ. ಕಂಪನಿಯಿಂದ ಎಚ್ಚರಿಕೆಯ ಪತ್ರ ಬಂತು, ಕೆಲಸ ಉಳಿಯಿತು. ಪ್ರದರ್ಶನ ಮುಗಿದ ಮೇಲೆ ಎರಡು ಪೆಟ್ಟಿಗೆಗಳೂ ಒಂದೇ ವಿಮಾನದಲ್ಲಿ ಹೋದವು. ಹೊಸ ಮುಖ್ಯಸ್ಥನ ಪ್ರಮಾಣ ಆಯಿತೆಂದು ಕ್ವಾಮೆ ಸಂದೇಶ ಕಳಿಸಿದ ದಿನ ನಾನೂ ಹಮೀದನೂ ನೆಮ್ಮದಿಯಿಂದ ಚಹಾ ಕುಡಿದೆವು.

ನನ್ನ ಮನೆಯ ಭಕ್ತಿ ಇನ್ನೊಬ್ಬರ ಮನೆಯಲ್ಲಿ ಅಪಚಾರವಾಗಬಹುದು ಎಂದು ಆ ಕೆಲಸ ಕಲಿಸಿತು. ಊರಿಗೆ ಹೋದಾಗ ಈಗಲೂ ಕಡ್ಸಲೆ ಬೆಳಗುತ್ತೇನೆ. ಆದರೆ ತಿಕ್ಕಿದ ಹುಣಸೆನೀರನ್ನು ಚರಂಡಿಗೆ ಚೆಲ್ಲಲು ಕೈ ಬರುವುದಿಲ್ಲ.